ಬರಿಗೈ ಮಾತು

ಮುಚ್ಚಿದ ಬಾಗಿಲಿನ ಆಚೆ ಹೆಂಡತಿ ಕೆಮ್ಮಿದಳು. ಈಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಕ್ಷೌರಿಕ ಬಾಗಿಲಿನತ್ತ ಬಾಗಿದ. ಏನಾದರೂ ಕೇಳಬೇಕು. ಏನೆಂದು ಕೇಳುವುದು? ಗಂಜಿ ಕುಡಿದೆಯಾ ಎಂದು ಆಗಲೇ ಕೇಳಿಯಾಗಿತ್ತು. ಜ್ವರ ಇದೆಯಾ ಎಂದರೆ, ಇದೆಯೆಂದು ಗೊತ್ತಿದ್ದೂ ಕೇಳಿದಂತಾಗುತ್ತದೆ. ಬಾಯಿ ತೆರೆದ, ಮುಚ್ಚಿದ.

ಅಂಗಡಿಯಲ್ಲಾದರೆ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ತಲೆಯಲ್ಲಿ ಒಂದು ಕೂದಲಿಲ್ಲದವರೂ ಅವನ ಮಾತು ಕೇಳಲೆಂದೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮನೆಗೆ ಬಂದರೆ ಮಾತ್ರ ಮೂಕಬಸವ. ಹೂಂ, ಊಹೂಂ ಬಿಟ್ಟರೆ ತುಟಿ ಪಿಟಿಕ್ ಎನ್ನುತ್ತಿರಲಿಲ್ಲ. ದಿನವಿಡೀ ಮಾತಾಡಿ ದಣಿದಿರುತ್ತಾನೆ ಎಂದು ಹೆಂಡತಿ ಸಮಾಧಾನ ಮಾಡಿಕೊಂಡಿದ್ದಳು. ಊರಿಗೆ ಊರೇ ಹೆದರುವ ಸೋಂಕು ಬಂದು ಬಸ್ಸು ನಿಂತು, ಅಂಗಡಿಗೆ ಬೀಗ ಬಿದ್ದಾಗ ಆ ಸಮಾಧಾನಕ್ಕೂ ಬೀಗ ಬಿತ್ತು. ಮೂರು ಹೊತ್ತೂ ಮನೆಯಲ್ಲೇ ಇದ್ದಾನೆ. ದಣಿವೂ ಇಲ್ಲ, ಮಾತೂ ಇಲ್ಲ. ಒಂದು ದಿನ ಅವಳು ಚೀಲಕ್ಕೆ ಬಟ್ಟೆ ತುಂಬಿದಳು.

"ಬಸ್ ಬಿಟ್ಟ ದಿನಾನೇ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ. ಗೋಡೆ ಜೊತೆ ಸಂಸಾರ ಮಾಡೋಕೆ ನನ್ನಿಂದಾಗಲ್ಲ."

ಬಸ್ಸಿಗಿಂತ ಮೊದಲು ಜ್ವರ ಬಂತು. ಚೀಲದ ಸಮೇತ ಅವಳು ಆ ಕೋಣೆ ಸೇರಿದಳು.

ಸುಮ್ಮನೆ ಕೂರಲಾಗದೆ ಅವನು ಅಂಗಡಿಯಿಂದ ತಂದಿಟ್ಟಿದ್ದ ಕತ್ತರಿ ತೆಗೆದ. ತುಕ್ಕು ಹಿಡಿಯದಿರಲೆಂದು ಒಂದು ತೊಟ್ಟು ಎಣ್ಣೆ ಬಿಟ್ಟು ಗಾಳಿಯಲ್ಲಿ ಆಡಿಸಿ ನೋಡಿದ. ಕಚಕ್, ಕಚಕ್. ಆ ಸದ್ದಿಗೇ ಕಾದಿದ್ದಂತೆ ಬಾಯಿ ತಾನಾಗಿ ತೆರೆದುಕೊಂಡಿತು.

"ಬನ್ನಿ ಸಾರ್, ಬನ್ನಿ! ಏನ್ ಸಾರ್, ಇಷ್ಟೊಂದು ಸೊರಗಿಬಿಟ್ಟಿದ್ದೀರಿ? ಮೀಡಿಯಮ್ಮೋ, ಶಾರ್ಟೋ?"

ಒಳಗಿನ ಕೆಮ್ಮು ನಿಂತಿತು. "ಯಾರ್ರೀ ಬಂದಿರೋದು? ಯಾರನ್ನೂ ಒಳಗೆ ಸೇರಿಸ್ಬೇಡಿ ಅಂದಿಲ್ವಾ?"

ಗಾಬರಿಯಲ್ಲಿ ಕತ್ತರಿ ಕೆಳಗಿಟ್ಟ. ಬಾಯಿ ಮತ್ತೆ ಕಟ್ಟಿತು. ಎತ್ತಿಕೊಂಡ. ಕಚಕ್. "ಯಾರೂ ಇಲ್ಲ ಕಣೇ. ನಿನ್ನ ಜೊತೇನೇ ಮಾತಾಡ್ತಿದ್ದೆ. ಬಾಯಿತಪ್ಪಿ ಸಾರ್ ಅಂದುಬಿಟ್ಟೆ."

ಮಾಡಬಾರದ್ದೇನೋ ಮಾಡಿದೆನೆಂದು ಅವನ ಕಿವಿ ಬಿಸಿಯಾಯಿತು. ಆಮೇಲೆ ಸೋತ ದನಿಯೊಂದು ಬಂತು: "ಮೀಡಿಯಮ್ ಸಾಕು. ಕಿವಿ ಹತ್ರ ಜಾಸ್ತಿ ತೆಗೀಬೇಡಿ."

ಅವತ್ತಿನಿಂದ ಆ ಬಾಗಿಲೇ ಅವನಿಗೆ ಅಂಗಡಿಯಾಯಿತು. ಕತ್ತರಿ ಗಾಳಿಯನ್ನು ಕತ್ತರಿಸಿತು, ಮಾತು ಉದುರಿತು. ಅರ್ಧ ತಲೆ ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುವ ಮೇಷ್ಟ್ರು, ರೇಜರ್ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಪೊಲೀಸು. ಒಳಗೆ ನಗು, ಕೆಮ್ಮು, ಮತ್ತೆ ನಗು. ಗಿರಾಕಿಗಳ ಕಥೆ ತೀರಿದ ಮೇಲೆ ಅವನದೇ ಕಥೆ ಶುರುವಾಯಿತು. ಅವಳನ್ನು ಮೊದಲು ನೋಡಲು ಹೋದ ದಿನ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದನಂತೆ, ಮುಖ ಕಂಡ ಕೂಡಲೇ ಹಾರಿಹೋಯಿತಂತೆ.

"ಅದೇನ್ರೀ ಮಾತು?"

"ಅದು ಇನ್ನೂ ನೆನಪಾಗಿಲ್ಲ. ಈಗ ಬೇರೆ ಮಾತು ಬಾಯಿಗೆ ಬರ್ತಿದೆ, ಇರು." ಕಚಕ್, ಕಚಕ್. "ನೀನು ಹೋಗ್ಬಿಟ್ರೆ..."

ಕತ್ತರಿ ನಿಂತಿತು.

"ಹೋದ್ರೆ?"

ಆ ಮಾತನ್ನು ಹೊರಡಿಸುವ ಶಕ್ತಿ ಕತ್ತರಿಗೂ ಇರಲಿಲ್ಲ.

ಇನ್ನು ಹೊರಗೆ ಬರಬಹುದು ಎಂದು ನರ್ಸ್ ಫೋನಿನಲ್ಲಿ ಹೇಳಿದ ಬೆಳಿಗ್ಗೆಯೇ ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ನೂ ಕೇಳಿಸಿತು. ಬಾಗಿಲು ತೆರೆಯಿತು. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಹೆಗಲಲ್ಲಿ ಅದೇ ಚೀಲ. ಅವನ ಕೈ ಕತ್ತರಿಗಾಗಿ ತಡಕಾಡಿತು. ಅವಳೇ ಮೊದಲು ಎತ್ತಿಕೊಂಡು ಬೆನ್ನ ಹಿಂದೆ ಹಿಡಿದಳು.

"ಅವತ್ತು ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಆ ಮಾತು ಮುಗಿಸಿ. ಬರಿಗೈಲಿ."

"ಕತ್ತರಿ ಕೊಡೇ."

"ಊಹೂಂ."

ಅವನ ಬಲಗೈಯ ಬೆರಳುಗಳು ಗಾಳಿಯಲ್ಲಿ ತೆರೆದವು, ಮುಚ್ಚಿದವು. ಸದ್ದೇ ಇಲ್ಲ. "ನೀನು ಹೋದ್ರೆ..." ಬೆರಳು ನಿಂತವು. ಮಾತು ನಿಲ್ಲಲಿಲ್ಲ. "ಅಂಗಡಿ ತೆಗೆದ್ರೂ ನಾನು ಮೂಗನೇ ಕಣೇ. ಅಲ್ಲಿ ಆಡೋದೆಲ್ಲ ತಮಾಷೆ, ತಪ್ಪಾದ್ರೂ ನಡೆಯುತ್ತೆ. ನಿನ್ನ ಹತ್ರ ತಪ್ಪಾಗಿ ಆಡಿಬಿಟ್ರೆ ಅಂತ ಹೆದರಿ ಹೆದರಿ ಏನೂ ಆಡಲೇ ಇಲ್ಲ. ತಪ್ಪಾದ್ರೂ ಸರಿ, ಇನ್ನು ಆಡ್ತೀನಿ. ಹೋಗ್ಬೇಡ."

ಅವಳು ಅವನ ಖಾಲಿ ಕೈಯನ್ನೇ ನೋಡಿದಳು. ಬಂದು ಅವನ ಕುರ್ಚಿಯಲ್ಲಿ ಕೂತಳು. ಚೀಲ ಬಿಚ್ಚಿ, ಮೇಲಿದ್ದ ಟವೆಲ್ ಎಳೆದು ಕೊರಳಿಗೆ ಸುತ್ತಿಕೊಂಡು, ಕತ್ತರಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು.

"ಅಣ್ಣಾ, ಅಂಗಡಿ ತೆಗೆದ್ರಾ?" ಕೂದಲು ಹೆಗಲಿಗಿಳಿದಿದ್ದ ಎದುರುಮನೆಯವನು ಕಿಟಕಿಯಿಂದ ಕೂಗಿದ.

ಗಂಡ ಬಾಯಿ ತೆರೆಯುವ ಮೊದಲೇ ಅವಳು ಕೂಗಿ ಹೇಳಿದಳು: "ತೆಗೆದಿದೆ! ಆದ್ರೆ ಇವತ್ತು ಗಿರಾಕಿ ನಾನೊಬ್ಬಳೇ. ಕತ್ತರಿಸೋ ಕೂದಲು ಸ್ವಲ್ಪಾನೇ ಇದೆ, ಮಾತು ಬಹಳ ಇದೆ. ನೀವು ನಾಳೆ ಬನ್ನಿ!"