ಅಳಿಯನ ಕೈಯಳತೆ

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದನಂತೆ. ಕೊಟ್ಟ ಮಾತಿಗೆ ಎಂದೂ ತಪ್ಪಿದವನಲ್ಲ. ಒಬ್ಬಳೇ ಮಗಳ ಮದುವೆಯಲ್ಲಿ, ಮೊದಲ ದೀಪಾವಳಿಗೆ ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲನ್ನು ತಾನೇ ಮಾಡಿಕೊಡುತ್ತೇನೆಂದು ಅಳಿಯನಿಗೆ ಮಾತು ಕೊಟ್ಟಿದ್ದ.

ಹಬ್ಬಕ್ಕೆ ಮುಂಚೆಯೇ ಮಗಳು ಒಬ್ಬಳೇ ಬಂದಳು. ಇನ್ನು ಆ ಮನೆಗೆ ಹೋಗಲಾರೆ ಎಂದು ಹೇಳುವುದಿತ್ತು ಅವಳಿಗೆ.

ಅಪ್ಪ ಮರದ ತುಂಡುಗಳನ್ನು ಹರಡಿಕೊಂಡು ಕೂತಿದ್ದ. “ಒಳ್ಳೇ ಹೊತ್ತಿಗೆ ಬಂದೆ ತಾಯಿ. ತುದಿಗೆ ಮೇಪಲ್, ಹಿಡಿಗೆ ಬೀಟೆ. ಒಳಗೆ ಒಂಚೂರು ಸೀಸ ತುಂಬಿದ್ರೆ ಭಾರ ಬರುತ್ತೆ.”

“ಭಾರ ಬೇಡಪ್ಪ. ಹಗುರ ಇರ್ಲಿ.”

“ಬೂರುಗದಲ್ಲಿ ಮಾಡ್ಲೇನೇ? ನಿನ್ನ ಗಂಡ ಅದರಲ್ಲಿ ಕಿವಿ ಕೆರ್ಕೊಳ್ಳಲಿ!” ಅಪ್ಪ ನಕ್ಕ.

“ಅಪ್ಪಾ, ಒಂದು ಮಾತು ಹೇಳ್ಬೇಕು.”

“ಆಮೇಲೆ ಹೇಳೀಯಂತೆ. ಅಳಿಯಂದಿರ ಬೆರಳು ಎಷ್ಟುದ್ದ ಇದಾವೆ? ಅದು ತಿಳೀದೆ ಹಿಡಿ ಕಡೆಯೋಕಾಗಲ್ಲ.”

ಮಗಳು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ನಾಲ್ಕು ಬೆರಳುಗಳೂ ಹೆಬ್ಬೆರಳೂ ಅಲ್ಲಿ ನೀಲಿಗಟ್ಟಿ ಮೂಡಿದ್ದವು.

ಅಪ್ಪನ ನಗು ನಿಂತಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

“ಯಾರಿಗಾದ್ರೂ ತೋರಿಸಿದ್ಯಾ?”

“ಇಲ್ಲಪ್ಪ. ನಿಂಗೇ ಮೊದಲು.”

ಅವನು ಅವಳ ತಲೆ ಸವರಿದ. ಆಮೇಲೆ ದಾರದ ಉಂಡೆ ಬಿಚ್ಚಿ, ಅವಳಿಗೆ ನೋವಾಗದಂತೆ, ಒಂದೊಂದು ಗುರುತಿನ ಉದ್ದವನ್ನೂ ಅಳೆದುಕೊಂಡ.

ಹಬ್ಬದ ದಿನ ಬೀಟೆಯ ಹಿಡಿ ಅಳಿಯನ ಕೈಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು.