ಚೆಂಡು ಗೆರೆ ದಾಟಿದಾಗ

ಚೆಂಡು ಗೆರೆ ದಾಟಿ ನೇರವಾಗಿ ತಮ್ಮತ್ತ ಹಾರಿ ಬಂದಾಗ ಬಸವಪ್ರಸಾದ ಹೆಂಡತಿಯ ಬೆನ್ನ ಹಿಂದೆ ಸರಿದು ನಿಂತ. ಮ್ಯಾನ್‌ಹೈಮ್‌ನ ಕಾಲೇಜು ಹುಡುಗಿಯರ ಫುಟ್‌ಬಾಲ್ ನೋಡುತ್ತ, "ಇದೂ ಒಂದ್ ಆಟ ಏನ? ನಮ್ಮ ಬಾಗಲಕೋಟಿ ಕಾಲೇಜಿನ ಟೀಮ್ ಆಗಿದ್ರ ಇವರನ್ನ ಅರ್ಧಾ ತಾಸಿನಾಗ ಮಣ್ಣ ಮುಕ್ಕಸ್ತಿತ್ತು" ಎಂದು ಅವನು ಆಗಷ್ಟೇ ಮೂಗು ಮುರಿದಿದ್ದ.

ನೇತ್ರಾ ಚೆಂಡನ್ನು ಕಾಲಿನಿಂದ ತಡೆದಳು. ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದ ಗಂಡನ ಅಭಿಪ್ರಾಯಗಳನ್ನು ಅವಳು ಮದುವೆಯಾದಂದಿನಿಂದ ಕೇಳುತ್ತ ಬಂದಿದ್ದಳು. ಗೆಳೆಯ ಕೊಂಡ ಕ್ಯಾಮೆರಾ ಫೋನು ಮಕ್ಕಳ ಆಟಿಕೆ. ಧಾರಾವಾಹಿ ನೋಡುವವರಿಗೆ ತಲೆಯೇ ಇಲ್ಲ. ಅವಳ ತವರಿನಿಂದ ಬರುವ ವಾರಪತ್ರಿಕೆ ಭಜಿ ಕಟ್ಟಿಕೊಡಲಷ್ಟೇ ಲಾಯಕ್ಕು. ಎಲ್ಲವನ್ನೂ ಇಷ್ಟು ಹೀಗಳೆಯುವವನು ಏನೋ ಬಲ್ಲವನೇ ಇರಬೇಕೆಂದು ಅವಳು ನಂಬಿದ್ದಳು. ಈಗ ಅವನ ಕೈ ಅವಳ ಸ್ವೆಟರನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವಳಿಗೆ ಹೇಸಿಕೆಯಾಯಿತು.

ಸ್ವೆಟರ್ ಬಿಡಿಸಿಕೊಂಡು ಅವಳು ಚೆಂಡನ್ನು ಜೋರಾಗಿ ಒದ್ದಳು. ಅದು ಮೈದಾನದ ನಡುವೆ ಹೋಗಿ ಬಿತ್ತು. ಆಟಗಾರ್ತಿಯೊಬ್ಬಳು ಚಪ್ಪಾಳೆ ತಟ್ಟುತ್ತ ಹತ್ತಿರ ಬಂದು, ಮಂಗಳವಾರ ಅಭ್ಯಾಸ ಇರುತ್ತದೆ, ನೀವೂ ಬನ್ನಿ ಎಂದಳು.

"ಇಕಿ ಫುಟ್‌ಬಾಲ್ ಆಡ್ತಾಳಂತ!" ಬಸವಪ್ರಸಾದ ನಕ್ಕ. "ನಡಿ ನಡಿ, ಟ್ರಾಮ್ ಬರೋ ಹೊತ್ತಾತು."

"ನೀವು ಹೋಗ್ರಿ," ಎಂದಳು ನೇತ್ರಾ, ಅವನತ್ತ ತಿರುಗದೆ. ಆಮೇಲೆ ತಾನು ಕಲಿತಿದ್ದ ಅಷ್ಟಿಷ್ಟು ಜರ್ಮನ್‌ನಲ್ಲಿ, ಎಷ್ಟು ಗಂಟೆಗೆ ಬರಬೇಕೆಂದು ಆ ಹುಡುಗಿಯನ್ನು ಕೇಳಿದಳು.