ಕೋಣೆಯೊಳಗಿನ ಎಡೆ

ಬಾಳೆಲೆಯ ತುದಿಯಲ್ಲಿ ಹೊಗೆಸೊಪ್ಪು ಕಂಡಾಗಲೇ ಚಿಕ್ಕಲಕ್ಷ್ಮಮ್ಮ ಎಲೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಹೊಗೆಸೊಪ್ಪಿನ ಚೀಲವನ್ನು ಕಿತ್ತು ತಿಪ್ಪೆಗೆ ಎಸೆದಿದ್ದ ಮಗ ದೇವರಾಜು ಇವತ್ತು ತಾನೇ ಅದನ್ನು ತಂದಿಟ್ಟು, ಮುಖ ಎತ್ತದೆ ಹೊರಗೆ ಹೋಗಿದ್ದ. ಸೊಸೆ ರಮ್ಯಾ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಎಲ್ಲ ಬಡಿಸಿ, ಬಾಯಿಗೆ ಸೆರಗು ಒತ್ತಿಕೊಂಡು ಹೋಗುವಾಗ ಬಾಗಿಲನ್ನೂ ಎಳೆದುಕೊಂಡಿದ್ದಳು.

ನಿನ್ನೆ ಬೆಂಗಳೂರಿನ ದೊಡ್ಡಾಸ್ಪತ್ರೆಯಿಂದ ಬಂದಾಗಿನಿಂದ ಮನೆಯಲ್ಲಿ ಇದೇ ವರಸೆ. "ಗ್ಯಾಸ್ಟ್ರಿಕ್ ಕಣವ್ವ, ಏನೂ ಇಲ್ಲ" ಎಂದಿದ್ದ ದೇವರಾಜು. ಏನೂ ಇಲ್ಲದ ಕಾಯಿಲೆಗೆ ಯಾರಾದರೂ ಹೀಗೆ ಪಿಸುಗುಟ್ಟುತ್ತಾರಾ? ಅವಳು ಜಗಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಸಾತನೂರಿನಿಂದ ನೋಡಲು ಬಂದ ತಂಗಿ ಕೂಡ ಗೋಡೆ ನೋಡಿಕೊಂಡು ಮಾತಾಡಿ ಹೋಗಿದ್ದಳು.

"ರಮ್ಯಾ, ಒಸಿ ನೀರು ಕೊಡವ್ವ," ಎಂದು ಕೂಗಿದಳು. ಬಾಗಿಲಾಚೆ ಯಾರೋ ಮೂಗು ಸೇದಿದ್ದು ಮಾತ್ರ ಕೇಳಿಸಿತು.

ಹಿರಿಯರ ಹಬ್ಬದಲ್ಲಿ ತೀರಿಹೋದ ಗಂಡ ಬೋರಲಿಂಗಯ್ಯನಿಗೆ ಹೀಗೇ ತಾನೇ ಎಡೆ ಇಡುವುದು? ಇಷ್ಟವಾದದ್ದೆಲ್ಲ ಎಲೆಗೆ ಹಾಕಿ, ಅಂಚಿಗೊಂದು ಬೀಡಿ ಇಟ್ಟು, ಅವರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು. ಉಣ್ಣಲು ಬಂದವರಿಗೆ ಒಳಗಿನಿಂದ ಏನು ಕಾಣುತ್ತದೆ ಅಂತ ಅವಳು ಎಂದೂ ಯೋಚಿಸಿರಲಿಲ್ಲ. ಈಗ ಕಂಡಿತು: ಮುಚ್ಚಿದ ಬಾಗಿಲು. ಅಯ್ಯೋ ಶಿವನೇ, ನಾನು ಆಗಲೇ ಹೋಗಿಬಿಟ್ಟಿದ್ದೀನಾ? ತೋಳು ಚಿವುಟಿಕೊಂಡು ನೋಡಿದಳು. ನೋವಾಯಿತು, ಸದ್ಯ.

ಅಷ್ಟರಲ್ಲಿ ಹೊರಗೆ ಮಗ ಕೆಮ್ಮಿ, ಬಾಗಿಲು ತಟ್ಟಿದ. ಎಡೆಯ ಕೋಣೆಗೆ ಹೋಗುವ ಮುನ್ನವೂ ಹೀಗೇ ಕೆಮ್ಮಿ ತಟ್ಟಬೇಕು, ಉಂಡವರು ಎದ್ದು ಹೋಗಲಿ ಅಂತ.

"ಯಾಕ್ಲಾ ಕೆಮ್ತೀಯ? ನಾನು ಎದ್ದೋಗ್ಲಿ ಅಂತಲಾ?"

ಒಳಗೆ ಬಂದ ದೇವರಾಜುವಿನ ಮುಖ ಬಿಳಚಿಕೊಂಡಿತ್ತು. "ಅಂಗಲ್ಲ ಕಣವ್ವ... ರೂಢಿ..."

"ದಿಟ ಹೇಳ್ಬುಡ್ಲಾ. ಏನಾಗೈತೆ ನಂಗೆ?"

ಅವನು ಗೊಳೋ ಎಂದು ಅತ್ತುಬಿಟ್ಟ. "ಕ್ಯಾನ್ಸರ್ ಕಣವ್ವ. ಹೊಟ್ಟೆ ತುಂಬ ಹರಡ್ಬುಟ್ಟೈತಂತೆ, ವಾಸಿಯಾಗಾಕಿಲ್ವಂತೆ. ಡಾಕ್ಟ್ರು ನಿಂಗೇ ಹೇಳ್ತೀನಿ ಅಂದ್ರು, ನಾನೇ ಕೈ ಕಾಲು ಹಿಡಿದು ಬ್ಯಾಡ ಅಂದೆ. ಯುಗಾದಿ ತನ್ಕ ಇರ್ಬೋದು, ಇಷ್ಟವಾದ್ದು ತಿನ್ಸಿ ಅಂದ್ರು."

ಚಿಕ್ಕಲಕ್ಷ್ಮಮ್ಮನಿಗೆ ಹೆದರಿಕೆಯಾಯಿತು, ಆಗದೆ ಇರುತ್ತದಾ? ಆದರೂ ನಿನ್ನೆಯಿಂದ ಮೊದಲ ಸಲ ಮಗ ಅವಳ ಕಣ್ಣು ನೋಡಿ ಮಾತಾಡಿದ್ದ.

"ಬಾ, ಕುಂತ್ಕೋ. ಒಬ್ಳೇ ಉಣ್ಣಾಕೆ ಭಯ ಆಯ್ತದೆ," ಎಂದು ಎಲೆಯನ್ನು ನಡುವಿಗೆ ಎಳೆದಳು.

ದೇವರಾಜು ಕಣ್ಣೊರೆಸಿಕೊಂಡು ಎದುರು ಕೂತ. ತುತ್ತು ಮುರಿಯುವ ಮೊದಲು, ಅವನಿಗೇ ತಿಳಿಯದಂತೆ, ಎರಡೂ ಕೈ ಎಲೆಯ ಮುಂದೆ ಮುಗಿದುಕೊಂಡವು.

"ಕೈ ಇಳಿಸ್ಲಾ," ಎಂದಳು ಚಿಕ್ಕಲಕ್ಷ್ಮಮ್ಮ. "ಇನ್ನೂ ಟೈಮೈತೆ."